ಏಳು ಗೆರೆಗಳ ಬಾಟಲಿ

ಮಾರ್ಚ್ 4, ಮಂಗಳವಾರ

ಹೊಂದುತ್ತದಂತೆ.

ನಿನ್ನೆ ಆಸ್ಪತ್ರೆಯಿಂದ ಫೋನ್ ಬಂದಾಗ ಅಣ್ಣ ಒಬ್ಬ ಅಜ್ಜಿಯ ಕಣ್ಣು ನೋಡುತ್ತಿದ್ದ. ನಾನು ಫೋನ್ ಇಟ್ಟು "ಹೊಂದುತ್ತಂತೆ" ಅಂದೆ. ಅವನು ಅಜ್ಜಿಯ ಮೂಗಿನ ಮೇಲೆ ಕೂತಿದ್ದ ಚೌಕಟ್ಟಿಗೆ ಇನ್ನೊಂದು ಗಾಜು ಇಳಿಸಿ, "ಇದು ಚೆನ್ನಾಗಿದೆಯಾ, ಮೊದಲಿನದು ಚೆನ್ನಾಗಿತ್ತಾ?" ಎಂದು ಕೇಳಿದ. ಕೇಳಿದ್ದು ಅಜ್ಜಿಯನ್ನು. ಆದರೂ ಉತ್ತರ ಹುಡುಕುತ್ತ ನಿಂತವನು ನಾನು.

ಅಣ್ಣನ ಎರಡೂ ಕಿಡ್ನಿಗಳು ಕೈಬಿಟ್ಟು ಎಂಟು ತಿಂಗಳಾಯಿತು. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನದವರೆಗೆ ಡಯಾಲಿಸಿಸ್. ಅತ್ತಿಗೆಗೆ ಸಕ್ಕರೆ ಕಾಯಿಲೆ, ಅವರದು ಆಗುವುದಿಲ್ಲ. ಮದುವೆ ಮಕ್ಕಳು ಅಂತ ಏನೂ ಇಲ್ಲದೆ, ಅವರ ಮನೆಯ ಮೇಲಿನ ಕೋಣೆಯಲ್ಲಿ ನಲವತ್ತೇಳು ವರ್ಷ ತುಂಬಿಸಿಕೊಂಡು ಕೂತಿರುವ ನನ್ನದು ಆಗುತ್ತದೆ.

ಅವನಿಲ್ಲದ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಒಂದೇ ಮೇಜು. ಆ ಕಡೆ ಕೂತು ಅಣ್ಣ ಕಣ್ಣು ಪರೀಕ್ಷಿಸುತ್ತಾನೆ, ಈ ಕಡೆ ಕೂತು ನಾನು ಲೆನ್ಸ್ ಉಜ್ಜಿ ಚೌಕಟ್ಟಿಗೆ ಕೂರಿಸುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಹೀಗೆ. ಈಗ ಮೇಜಿನ ನಡುವೆ ಅವನ ನೀರಿನ ಬಾಟಲಿ ನಿಂತಿರುತ್ತದೆ. ದಿನಕ್ಕೆ ಏಳುನೂರು ಮಿಲಿಲೀಟರು, ಅದಕ್ಕಿಂತ ಒಂದು ಗುಟುಕು ಹೆಚ್ಚಾಗುವಂತಿಲ್ಲ, ಹೆಚ್ಚಾದರೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಲೆನ್ಸ್ ಮೇಲೆ ಗುರುತು ಹಾಕುವ ಹಳದಿ ಮೇಣದ ಪೆನ್ಸಿಲಿನಿಂದ ಬಾಟಲಿಗೆ ತಾನೇ ಏಳು ಗೆರೆ ಎಳೆದುಕೊಂಡಿದ್ದಾನೆ. ಗೆರೆ ಮುಟ್ಟುವ ಹೊತ್ತಿಗೆ ಅವನ ಕಣ್ಣು ಗಡಿಯಾರಕ್ಕೆ ಹೋಗುತ್ತದೆ.

ಅವನ ಎದುರು ಲೋಟ ಎತ್ತುವುದು ನನ್ನಿಂದ ಆಗುವುದಿಲ್ಲ. ಬಿಟ್ಟೆ. ಕಷ್ಟವೇನೂ ಆಗಲಿಲ್ಲ. ನನಗೆ ಬಾಯಾರಿಕೆ ಎಂಬುದೇ ಇಲ್ಲ. ಬೆಳಿಗ್ಗೆ ಒಂದು ಚಹಾ, ಸಂಜೆ ಒಂದು ಚಹಾ, ಊಟದಲ್ಲಿ ಅರ್ಧ ಲೋಟ. ಮೈಗೆ ಬೇಕಿದ್ದರೆ ಅದೇ ಕೇಳುತ್ತಿತ್ತು.

ಬೇರೆ ಏನೋ ಬರೆಯಬೇಕು ಅಂದುಕೊಂಡಿದ್ದೆ. ಅದನ್ನು ಬರೆಯಲಿಲ್ಲ. ಹೆದರಿಕೆಯಾಗುತ್ತಿದೆ, ಅಷ್ಟೇ.

ಮಾರ್ಚ್ 6, ಗುರುವಾರ

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕೊಡುವವರನ್ನೂ ಪಡೆಯುವವರನ್ನೂ ನೋಡಿಕೊಳ್ಳುವ ಒಬ್ಬ ಸಿಸ್ಟರ್ ಇದ್ದಾರೆ. ನನ್ನಷ್ಟೇ ವಯಸ್ಸು, ನನಗಿಂತ ಒಂದು ಗೇಣು ಎತ್ತರ. ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಾರೆ. ಬಾಗಿಲು ಹಾಕಿ, ಕುರ್ಚಿಯನ್ನು ನನ್ನ ಮೊಣಕಾಲಿನ ತನಕ ಎಳೆದುಕೊಂಡು ಕೂತರು.

"ಒಂದು ಮಾತು ಹೇಳ್ತೀನಿ, ಇದು ಈ ಕೋಣೆಯಲ್ಲೇ ಇರುತ್ತೆ. ನಿಮಗೆ ಯಾವತ್ತು ಬೇಡ ಅನ್ನಿಸುತ್ತೋ ಅವತ್ತು ಬೇಡ ಅನ್ನಿ. ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತು ಅಂದರೂ ಸರಿ. ಯಾಕೆ ಅಂತ ನಾವು ಕೇಳಲ್ಲ."

"ಅಣ್ಣನಿಗೆ?"

"ನಿಮ್ಮ ತಮ್ಮನ ಮೈ ಇದಕ್ಕೆ ಆಗಲ್ಲ ಅಂತೀವಿ. ಅಷ್ಟೇ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಹೇಳಲ್ಲ."

ಎದ್ದು ಹೋಗಲು ಇಷ್ಟು ಸುಲಭದ ಬಾಗಿಲು ಇದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು. ರಕ್ತದೊತ್ತಡ ನೋಡಿದರು. ಜಾಸ್ತಿ ಇತ್ತು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರು. ಇನ್ನೂ ಜಾಸ್ತಿ ಇತ್ತು.

"ಇಲ್ಲಿ ಯಾರೂ ಚಾಕು ಹಿಡ್ಕೊಂಡು ನಿಂತಿಲ್ಲ, ನೋಡಿ," ಎಂದರು ಸಿಸ್ಟರ್, ತಮ್ಮ ಎರಡು ಕೈಗಳನ್ನೂ ತೋರಿಸುತ್ತ.

ನಗು ಬಂತು. ನಾಲಗೆ ಮೇಲಿನ ಅಂಗುಳಕ್ಕೆ ಅಂಟಿಕೊಂಡಿದ್ದರಿಂದ ನಗುವುದು ತಡವಾಯಿತು.

ಮಾರ್ಚ್ 11, ಮಂಗಳವಾರ

ನಿನ್ನೆ ಬೆಳಿಗ್ಗೆ ಏಳರಿಂದ ಇವತ್ತು ಬೆಳಿಗ್ಗೆ ಏಳರವರೆಗೆ ಹೋದ ಮೂತ್ರವನ್ನೆಲ್ಲ ಒಂದು ಕ್ಯಾನಿನಲ್ಲಿ ಹಿಡಿಯಬೇಕಿತ್ತು. ಮೂರು ಲೀಟರ್ ಹಿಡಿಯುವ ಕಂದು ಕ್ಯಾನು. ಅದನ್ನು ಚೀಲದಲ್ಲಿಟ್ಟು ಅಂಗಡಿಗೆ ತಂದು ಹಿಂದಿನ ಕೋಣೆಯಲ್ಲಿ ಚೌಕಟ್ಟಿನ ಡಬ್ಬಗಳ ಹಿಂದೆ ಇಟ್ಟಿದ್ದೆ.

"ಗಿರಾಕಿಗೆ ಅದನ್ನೇ ಫ್ರೇಮ್ ಒರೆಸೋ ದ್ರವ ಅಂತ ಕೊಟ್ಟುಬಿಟ್ಟೀಯ, ಹುಷಾರು," ಎಂದ ಅಣ್ಣ.

ಅವನು ನನ್ನನ್ನು ಗುಬ್ಬಿ ಎಂದು ಕರೆಯುತ್ತಾನೆ. ಚಿಕ್ಕವನಿದ್ದಾಗ ಹಾಲನ್ನು ಗುಟುಕು ಗುಟುಕಾಗಿ ಕುಡಿದು ಅಮ್ಮನ ಹೊತ್ತು ತಿನ್ನುತ್ತಿದ್ದೆನಂತೆ. ನಿನ್ನೆ ಸಂಜೆ ಬಾಗಿಲು ಎಳೆಯುವಾಗ ಕೇಳಿದ, "ಗುಬ್ಬಿ, ಇವತ್ತು ಎಷ್ಟು ಸಲ ಹಿಂದಿನ ಕೋಣೆಗೆ ಹೋದೆ?"

"ಯಾಕೆ?"

"ಸುಮ್ನೆ. ಒಂದೇ ಸಲ ಅಂತ ಕಾಣುತ್ತೆ."

ಅವನು ಎಲ್ಲವನ್ನೂ ಎಣಿಸುವವನಾಗಿಬಿಟ್ಟಿದ್ದಾನೆ.

ಇನ್ನೊಂದು ಪರೀಕ್ಷೆಯೂ ಇತ್ತು. ರಕ್ತದೊತ್ತಡ ಕಂಡು ಡಾಕ್ಟರು ಸೇರಿಸಿದ್ದು. ಬೆರಳಿನಷ್ಟು ದಪ್ಪದ ಹತ್ತಿಯ ಸುರುಳಿಯನ್ನು ಎರಡು ನಿಮಿಷ ಬಾಯಲ್ಲಿಟ್ಟು, ಎಂಜಲಲ್ಲಿ ನೆನೆಸಿ ಕೊಳವೆಗೆ ಹಾಕಬೇಕು. ಮಲಗುವ ಮುಂಚೆ ಒಂದು, ಎದ್ದ ಕೂಡಲೆ ಒಂದು. ಭಯ, ಒತ್ತಡ ಬಂದಾಗ ಮೈಯಲ್ಲಿ ಏರುವ ಹಾರ್ಮೋನನ್ನು ಅದರಲ್ಲಿ ಅಳೆಯುತ್ತಾರಂತೆ. ಎರಡು ನಿಮಿಷ ಇಟ್ಟರೂ ಹತ್ತಿ ಒಣಗಿಯೇ ಹೊರಬಂತು. ಆರು ನಿಮಿಷ ಇಟ್ಟೆ. ಹೆದರಿಕೆಯನ್ನು ಅಳೆಯಲು ಕೂಡ ಸ್ವಲ್ಪ ತೇವ ಬೇಕು ಎಂಬುದು ಹೊಸ ವಿಷಯ.

ಮಾರ್ಚ್ 13, ಗುರುವಾರ

ಲ್ಯಾಬಿನವನು ಮೊನ್ನೆ ಕ್ಯಾನನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದ.

"ಇಷ್ಟೇನಾ? ಸಾರ್, ಮಧ್ಯೆ ಎಲ್ಲೋ ಮರೆತುಬಿಟ್ಟಿದೀರಿ."

"ಮರೆತಿಲ್ಲ."

"ಐನೂರ ನಲವತ್ತು ಇದೆ. ಒಂದು ಸಲಾನೋ ಎರಡು ಸಲಾನೋ ಅಭ್ಯಾಸಬಲದಿಂದ ಹಾಗೇ ಹೋಗಿಬಂದಿರ್ತೀರಿ. ಎಲ್ಲರೂ ಮಾಡೋ ತಪ್ಪೇ. ನಾಚಿಕೆ ಬೇಡ, ಹೇಳಿ, ಇನ್ನೊಂದು ಕ್ಯಾನ್ ಕೊಡ್ತೀನಿ."

ಲೆನ್ಸಿನ ಅಂಚನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಉಜ್ಜುವವನು ನಾನು, ಮರೆಯುವವನಲ್ಲ ಎಂದೆ. ದನಿ ಏರಿತ್ತು. ಸಾಲಿನಲ್ಲಿದ್ದವರು ನೋಡಿದರು. ಅವನು "ಸರಿ ಸಾರ್, ಪೂರ್ತಿ ಅಂತ ಬರೀತೀನಿ," ಎಂದು ಬರೆದುಕೊಂಡ.

ಹೊರಗೆ ಬಂದು ಮೆಟ್ಟಿಲಲ್ಲಿ ಕೂರಬೇಕಾಯಿತು. ಎದೆ ಬಡಿದುಕೊಳ್ಳುತ್ತಿತ್ತು. ಒಂದು ಪ್ಲಾಸ್ಟಿಕ್ ಕ್ಯಾನಿಗಾಗಿ.

ಮಾರ್ಚ್ 15, ಶನಿವಾರ

ನಿದ್ದೆ ಇಲ್ಲ. ಎಡ ಪಕ್ಕೆಯ ಕೆಳಗೆ, ಬೆನ್ನ ಹತ್ತಿರ, ಕಿಡ್ನಿ ಇರುವ ಜಾಗ ಈಗ ನನಗೆ ಗೊತ್ತಾಗುತ್ತದೆ. ನಲವತ್ತೇಳು ವರ್ಷ ಸದ್ದಿಲ್ಲದೆ ಇದ್ದದ್ದು.

ಗಿರಾಕಿಯ ಕನ್ನಡಕದ ಸ್ಕ್ರೂ ಮೂರು ಸಲ ಕೆಳಗೆ ಬಿತ್ತು.

ಮಾರ್ಚ್ 20, ಗುರುವಾರ

ಫಲಿತಾಂಶ ಬಂದಿದೆ. ಕಿಡ್ನಿಯ ಸಾಮರ್ಥ್ಯ ತೋರಿಸುವ ಅಂಕಿಗಳು ಗಡಿಯ ಮೇಲೆ ನಿಂತಿವೆ. ಒಂದು ಕೂದಲು ಅತ್ತ ಸರಿದರೆ ನಾನು ಕೊಡುವಂತಿಲ್ಲ. ಒತ್ತಡದ ಹಾರ್ಮೋನು ಇರಬೇಕಾದ್ದಕ್ಕಿಂತ ಹೆಚ್ಚು.

ದೊಡ್ಡ ಸಿಸ್ಟರ್ ಕಾಗದವನ್ನು ಮಡಿಚಿ ಬದಿಗಿಟ್ಟರು. "ದಿನಕ್ಕೆ ಎಷ್ಟು ನೀರು ಕುಡೀತೀರಿ?"

"ಬೇಕಾದಷ್ಟು."

"ಯಾರಿಗೆ ಬೇಕಾದಷ್ಟು? ಗುಬ್ಬಿಗಾ?"

ಅಣ್ಣ ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿ ನನ್ನ ಹೆಸರನ್ನೆಲ್ಲ ಹಂಚಿದ್ದಾನೆ.

ನಾನು ನಿಜ ಹೇಳಿದೆ. ಅವನ ಎದುರು ಹೇಗೆ ಕುಡಿಯಲಿ, ಅವನು ಐಸಿನ ಚೂರು ಚೀಪಿಕೊಂಡು ಇರುವಾಗ, ಎಂದೆ. ಹೇಳುತ್ತ ನನ್ನ ಕಣ್ಣು ತುಸು ಒದ್ದೆಯಾಯಿತು ಎಂದು ಕಾಣುತ್ತದೆ. ಸಿಸ್ಟರ್ ಒದ್ದೆಯಾಗಲಿಲ್ಲ.

"ನೀರು ಕಮ್ಮಿಯಾದಾಗ ಇರೋದನ್ನ ಬಿಡಬೇಡ, ಹಿಡ್ಕೊ ಅಂತ ತಲೆಯಿಂದ ಕಿಡ್ನಿಗೆ ಒಂದು ಸುದ್ದಿ ಹೋಗುತ್ತೆ. ಆ ಸುದ್ದಿ ತಗೊಂಡು ಹೋಗೋ ಆಳೇ ದಾರಿಯಲ್ಲಿ ಒತ್ತಡದ ಹಾರ್ಮೋನನ್ನೂ ತಟ್ಟಿ ಎಬ್ಬಿಸ್ತಾನೆ. ಹೆದರಿಕೆ ಎಲ್ಲರಿಗೂ ಆಗುತ್ತೆ. ಚೆನ್ನಾಗಿ ನೀರು ಕುಡಿಯೋರಿಗೂ ಎದೆ ಹೊಡ್ಕೊಳ್ಳುತ್ತೆ. ಕಮ್ಮಿ ಕುಡಿಯೋರ ಮೈ ಮಾತ್ರ ಅದೇ ಹೆದರಿಕೆಗೆ ಹಾರ್ಮೋನು ಜಾಸ್ತಿ ಸುರಿಯುತ್ತೆ ಅಂತ ಪರೀಕ್ಷೆ ಮಾಡಿ ನೋಡಿದಾರೆ. ತಮಾಷೆ ಏನು ಅಂದ್ರೆ, ಅವರಿಗೆ ಬಾಯಾರಿಕೆ ಬೇರೆಯವರಿಗಿಂತ ಜಾಸ್ತಿ ಇರಲಿಲ್ಲವಂತೆ."

"ಹಾಗಾದರೆ ನೀರು ಕುಡಿದ್ರೆ ಹೆದರಿಕೆ ಹೋಗುತ್ತಾ?"

"ಹೋಗಲ್ಲ. ನೀರು ಹೆದರಿಕೆಗೆ ಔಷಧಿ ಅಂತ ನಾನು ಹೇಳಿದ್ನಾ? ನಿಮ್ಮ ಹಾರ್ಮೋನು ಏರಿರೋದಕ್ಕೆ ಇದೊಂದೇ ಕಾರಣ ಅಂತಾನೂ ಹೇಳಲ್ಲ, ಅದನ್ನ ಡಾಕ್ಟರ್ ನೋಡ್ತಾರೆ. ನಿಮ್ಮ ಹೆದರಿಕೆ ನಿಮ್ಮ ಅಳತೆಗೆ ಇರಲಿ ಅಂದೆ. ಈಗ ನೀವು ಬೇರೆ ಯಾರದ್ದೋ ದೊಡ್ಡ ಅಂಗಿ ಹಾಕ್ಕೊಂಡು ಓಡಾಡ್ತಿದೀರಿ."

ಎರಡು ವಾರ ಸರಿಯಾಗಿ ನೀರು ಕುಡಿದು ಮತ್ತೆ ಕ್ಯಾನು ತರಬೇಕು. ಆಗಲೂ ಹೀಗೇ ಇದ್ದರೆ ನನ್ನನ್ನು ಕೈಬಿಡುತ್ತಾರೆ. ನಾನು ಏಳುವಾಗ ಸಿಸ್ಟರ್ ಇನ್ನೊಂದು ಕೇಳಿದರು. ಕೇಳಬಾರದಿತ್ತು.

"ಅಣ್ಣನ ಎದುರು ಕುಡಿಯಲ್ಲ. ಸರಿ. ವಾರಕ್ಕೆ ಮೂರು ದಿನ ಅವರು ಇಲ್ಲಿ ನನ್ನ ಹತ್ರ ಇರ್ತಾರಲ್ಲ, ಆಗ?"

ಮಾರ್ಚ್ 22, ಶನಿವಾರ

ಅಣ್ಣ ಇಲ್ಲ. ಅಂಗಡಿಯಲ್ಲಿ ನಾನೊಬ್ಬನೇ. ಗಂಟೆ ಹತ್ತು.

ಲೋಟ ತುಂಬಿ ಎದುರಿಗೆ ಇಟ್ಟುಕೊಂಡಿದ್ದೇನೆ. ನೀರಿನ ಮೂಲಕ ಗೋಡೆಯ ಅಕ್ಷರಗಳ ಪಟ್ಟಿ ಎಡಬಲ ತಿರುಗಿ ಕಾಣುತ್ತಿದೆ.

ಹನ್ನೊಂದೂವರೆ. ಒಬ್ಬ ಮೇಷ್ಟ್ರು ಬಂದು ಚೌಕಟ್ಟು ನೇರ ಮಾಡಿಸಿಕೊಂಡು ಹೋದರು. "ಇದು ಕುಡಿಯೋ ನೀರಾ?" ಎಂದರು. ಹೌದು ಎಂದೆ. ಅವರೇ ಎತ್ತಿ ಕುಡಿದರು. ಅಣ್ಣ ಇದ್ದಿದ್ದರೆ ಕೇಳುತ್ತಿರಲಿಲ್ಲ, ಅವನೆದುರು ನೀರು ಕುಡಿಯಬೇಡಿ ಎಂದು ನಮ್ಮ ಗಿರಾಕಿಗಳಿಗೆಲ್ಲ ಅತ್ತಿಗೆ ಸನ್ನೆ ಮಾಡಿ ಹೇಳಿಟ್ಟಿದ್ದಾರೆ. ಮತ್ತೆ ತುಂಬಿಸಿ ಇಟ್ಟೆ.

ಒಂದು ಗಂಟೆ. ಹೊಟ್ಟೆ ಒಪ್ಪಲಿಲ್ಲ. ಬಾಯಾರಿಕೆಯೂ ಇಲ್ಲ. ಬಾಯಾರಿಕೆ ಇಲ್ಲದವನಿಗೆ ಬಲವಂತವಾಗಿ ಕುಡಿಸುವುದರಲ್ಲಿ ಅರ್ಥವಿಲ್ಲ. ಲೋಟದ ನೀರನ್ನು ಉಜ್ಜುವ ಚಕ್ರದ ತೊಟ್ಟಿಗೆ ಸುರಿದೆ, ದಂಡವಾಗಬಾರದು ಎಂದು.

ಮೈ ಆಗಲ್ಲ ಅಂತೀವಿ, ಅಷ್ಟೇ. ಸಿಸ್ಟರ್ ಎಷ್ಟು ಸಲೀಸಾಗಿ ಹೇಳಿದ್ದರು ಅದನ್ನು. ಯಾರೂ ಸುಳ್ಳು ಹೇಳಬೇಕಾಗಿಲ್ಲ. ಅಣ್ಣ ನನ್ನ ಬೆನ್ನು ತಟ್ಟುತ್ತಾನೆ, ನೀನೇನು ಮಾಡ್ತೀಯ ಬಿಡು ಎನ್ನುತ್ತಾನೆ. ಅತ್ತಿಗೆ ಚಹಾ ಕೊಡುತ್ತಾರೆ. ಆ ಚಹಾದ ಬಣ್ಣ ಕೂಡ ನನಗೆ ಕಾಣುತ್ತಿದೆ. ಯಾಕೆ ಕಾಣುತ್ತಿದೆಯೋ.

ಮಾರ್ಚ್ 27, ಗುರುವಾರ

ನಿನ್ನೆ ಆದದ್ದನ್ನು ಬರೆದಿಡಬೇಕು. ಎಡಗೈ ಹೆಬ್ಬೆರಳಿಗೆ ಪಟ್ಟಿ ಇದೆ, ಬಲಗೈ ಚೆನ್ನಾಗಿದೆ.

ಈಗೆಲ್ಲ ಪ್ಲಾಸ್ಟಿಕ್ ಲೆನ್ಸ್, ಆದರೂ ಗಾಜೇ ಬೇಕು ಅನ್ನುವ ಹಳೆಯ ಗಿರಾಕಿಗಳು ನಾಲ್ಕಾರು ಜನ ಇದ್ದಾರೆ. ನಿನ್ನೆ ಅಂಥ ಒಂದು ಜೊತೆ ಇತ್ತು. ಗಾಜನ್ನು ತಿರುಗುವ ಚಕ್ರಕ್ಕೆ ಒತ್ತಿ ಅಂಚು ಉಜ್ಜುವಾಗ ಮೇಲಿನ ಸಣ್ಣ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿರಬೇಕು. ಕಸುಬಿನ ಮೊದಲ ದಿನ ಕಲಿಯುವ ಪಾಠ. ಅಣ್ಣನೇ ಕಲಿಸಿದ್ದು.

ಗಂಟೆ ನಾಲ್ಕು. ಅಣ್ಣನ ಬಾಟಲಿಯಲ್ಲಿ ಆರನೇ ಗೆರೆಯ ಕೆಳಗೆ ಸ್ವಲ್ಪವೇ ಉಳಿದಿತ್ತು, ಮಲಗುವ ತನಕ ಅಷ್ಟೇ. ಅವನು ನಾಲಗೆಯಿಂದ ತುಟಿ ಸವರಿಕೊಳ್ಳುತ್ತಿದ್ದ. ನಲ್ಲಿ ತೊಟ್ಟಿಕ್ಕುವ ಸದ್ದು ಅಂಗಡಿಯ ತುಂಬ ಇತ್ತು. ನನಗೆ ತಡೆಯಲಾಗಲಿಲ್ಲ. ನಲ್ಲಿಯನ್ನು ಮೊದಲು ಸಣ್ಣ ಮಾಡಿದೆ. ಆಮೇಲೆ ಪೂರ್ತಿ ತಿರುಗಿಸಿದೆ. ಎರಡು ನಿಮಿಷಕ್ಕೆ ಏನೂ ಆಗುವುದಿಲ್ಲ ಅಂದುಕೊಂಡೆ.

ಗಾಜು ಮೊದಲು ಬಿಸಿಯಾಯಿತು. ಬೆರಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಲೇ ಒತ್ತಿದೆ. ಒಂದು ಸಣ್ಣ ಶಬ್ದ, ಹಲ್ಲು ಕಡಿದ ಹಾಗೆ. ಲೆನ್ಸ್ ಮೂರು ತುಂಡಾಗಿ, ಒಂದು ತುಂಡು ಹೆಬ್ಬೆರಳಲ್ಲಿ ನಿಂತಿತು.

ಅಣ್ಣ ಎದ್ದು ಬಂದ. ಡಯಾಲಿಸಿಸ್ ಶುರುವಾದ ಮೇಲೆ ಅವನು ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿಲ್ಲ. ತುಂಡು ತೆಗೆದ, ಬೆರಳನ್ನು ತೊಳೆದ, ಕನ್ನಡಕ ಒರೆಸುವ ಹೊಸ ಬಟ್ಟೆ ಹರಿದು ಕಟ್ಟಿದ. ಕಟ್ಟುತ್ತಲೇ ಕೇಳಿದ.

"ನಲ್ಲಿ ಯಾರು ನಿಲ್ಲಿಸಿದ್ದು?"

"ನಾನೇ."

"ನೀರಿಲ್ದೆ ಗಾಜು ಉಜ್ಜೋದು ಯಾವ ಗುರು ಹೇಳಿಕೊಟ್ಟ ವಿದ್ಯೆ ಇದು?"

"ನಿನಗೆ ಕೇಳಿಸ್ತಿತ್ತಲ್ಲ, ತೊಟ್ಟಿಕ್ಕೋದು."

ಅವನು ಗಂಟು ಬಿಗಿದ. "ಇಪ್ಪತ್ತೆಂಟು ವರ್ಷದಿಂದ ಕೇಳಿಸ್ತಿದೆ. ಅದು ನಿಂತಾಗಲೇ ಅನ್ನಿಸ್ತು, ಎಲ್ಲೋ ಎಡವಟ್ಟಾಗ್ತಿದೆ ಅಂತ."

ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದು ಕೂತ. ತನ್ನ ಜಾಗದಲ್ಲಿ ಅಲ್ಲ, ಗಿರಾಕಿಯ ಕುರ್ಚಿಯಲ್ಲಿ.

"ಗುಬ್ಬಿ, ದೊಡ್ಡ ಸಿಸ್ಟರ್ ನನಗೆ ಏನೂ ಹೇಳಲ್ಲ. ಹೇಳ್ಬೇಕಾಗೂ ಇಲ್ಲ. ನಿನ್ನ ತುಟಿ ನೋಡಿದ್ರೆ ಸಾಕು, ಡಯಾಲಿಸಿಸ್ ನನಗೋ ನಿನಗೋ ಅನ್ನೋ ಹಾಗಿದೆ. ನಿನಗೆ ಬೇಡ ಅಂತಿದ್ರೆ ಬಾಯಿಬಿಟ್ಟು ಬೇಡ ಅನ್ನು. ನಾನೇನು ನಾಳೆ ಸಾಯಲ್ಲ. ಈ ಬಾಟಲಿ ಇಟ್ಕೊಂಡು ಇನ್ನೂ ಹತ್ತು ವರ್ಷ ನಿನ್ನ ಜೀವ ತಿಂತೀನಿ. ಆದ್ರೆ ನಿನ್ನ ಕಿಡ್ನೀನ ಒಣಗಿಸಿ ಅದರ ಬಾಯಲ್ಲಿ ಬೇಡ ಅನ್ನಿಸಬೇಡ. ಅದಕ್ಕೇನು ಗೊತ್ತು ಪಾಪ."

ನಾನು ಹಾಗೆ ಮಾಡುತ್ತಿಲ್ಲ ಎಂದು ಹೇಳಲು ಹೊರಟೆ. ಬಾಯಿಂದ ಬಂದದ್ದು ಬೇರೆ.

"ನಂಗೆ ಹೆದರಿಕೆ ಆಗ್ತಿದೆ ಕಣೋ ಅಣ್ಣ."

"ನಂಗೂ."

"ನಿಂಗ್ಯಾಕೆ? ನಿನಗೆ ಬರೋದು ತಾನೇ."

"ನೀನು ಆ ಟೇಬಲ್ ಮೇಲೆ ಕಣ್ಣು ಮುಚ್ಚಿದವನು ಮತ್ತೆ ತೆರೀದೇ ಹೋದ್ರೆ ಆಮೇಲೆ ನಾನು ನಿನ್ನ ಅತ್ತಿಗೆ ಮುಖ ಹೇಗೆ ನೋಡ್ಲಿ? ಲೆನ್ಸ್ ಯಾರು ಉಜ್ತಾರೆ? ನನಗೆ ನಿನ್ನಷ್ಟು ಚೆನ್ನಾಗಿ ಉಜ್ಜೋಕೆ ಬರಲ್ಲ ಅಂತ ಊರಿಗೆಲ್ಲ ಗೊತ್ತಾಗಿಹೋಗುತ್ತೆ."

ಆಮೇಲೆ ಹಿಂದಿನ ಕೋಣೆಗೆ ಹೋಗಿ ದೊಡ್ಡ ಲೋಟದಲ್ಲಿ ನೀರು ತಂದ. ತುಂಬಿ ತುಳುಕುವಷ್ಟು. ಅವನ ಕೈಯಲ್ಲಿ ಅಷ್ಟು ನೀರು ನೋಡಿ ನನಗೆ ಗಾಬರಿಯಾಯಿತು, ಅವನೇ ಕುಡಿದುಬಿಡುತ್ತಾನೆ ಎಂದು. ನನ್ನ ಎದುರು ಇಟ್ಟ.

"ಕುಡಿ."

"ಆಮೇಲೆ ಕುಡೀತೀನಿ."

"ಈಗ. ನನ್ನ ಎದುರಿಗೆ. ಎಂಟು ತಿಂಗಳಾಯ್ತು ಒಬ್ಬ ಮನುಷ್ಯ ನೀರು ಕುಡಿಯೋದನ್ನ ನೋಡಿ. ಅವಳು ಮನೇಲಿ ಬಚ್ಚಲಿಗೆ ಹೋಗಿ ಕುಡೀತಾಳೆ, ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ಗಿರಾಕಿಗಳು ಕಳ್ಳರ ಹಾಗೆ ಬಾಟಲಿ ಚೀಲದೊಳಗೆ ತೂರಿಸ್ತಾರೆ. ಕುಡಿಯೋಕಂತೂ ಇಲ್ಲ, ನೋಡೋಕಾದ್ರೂ ಬಿಡ್ರೋ."

ನಾನು ಒಂದು ಗುಟುಕು ತೆಗೆದುಕೊಂಡೆ.

"ಹಾಗಲ್ಲ. ಶಬ್ದ ಮಾಡಿ ಕುಡಿ."

ಕುಡಿದೆ. ಗಂಟಲಲ್ಲಿ ಗಟಗಟ ಅಂದಿತು. ಅವನು ಮುಂದೆ ಬಾಗಿ ನನ್ನ ಗಂಟಲನ್ನೇ ನೋಡುತ್ತಿದ್ದ, ಕಣ್ಣಿನ ಪಾಪೆ ನೋಡುವಾಗ ಬಾಗುತ್ತಾನಲ್ಲ ಹಾಗೆ. ನಾನು ನುಂಗಿದಾಗಲೆಲ್ಲ ಅವನ ಗಂಟಲೂ ಮೇಲೆ ಕೆಳಗೆ ಆಗುತ್ತಿತ್ತು. ಗದ್ದದಿಂದ ಇಳಿದ ನೀರು ಅಂಗಿ ಒಳಗೆ ಹೋಯಿತು.

ಲೋಟ ಕೆಳಗಿಟ್ಟಾಗ ಅವನು ಬೆನ್ನು ಹಿಂದಕ್ಕೆ ಆನಿಸಿ ಒಂದು ಉಸಿರು ಬಿಟ್ಟ.

"ಚೆನ್ನಾಗಿತ್ತು," ಎಂದ.

ಮಾರ್ಚ್ 29, ಶನಿವಾರ

ನಿನ್ನೆ ಎಂಟು ಲೋಟ. ಸಿಸ್ಟರ್ ಹೇಳಿದಷ್ಟೇ, ದಿನವಿಡೀ ಹಂಚಿಕೊಂಡು. ಅಣ್ಣ ತನ್ನ ಒಂದೊಂದು ಗೆರೆಗೆ ನನ್ನದೊಂದು ಲೋಟ ಎಂದು ನಿಯಮ ಮಾಡಿದ್ದಾನೆ. ಮೇಲೊಂದು ಅವನ ಡಾಕ್ಟರಿಗಾಗಿ ಅಂತೆ.

ಹಿಂದಿನ ಕೋಣೆಗೆ ಓಡಿ ಓಡಿ ಸಾಕಾಯಿತು. ಒಂದು ಕನ್ನಡಕ ಮುಗಿಸಲು ಎರಡು ಸಲ ಏಳಬೇಕು. "ಏನ್ರೀ, ನಿಮ್ಮ ತಮ್ಮನಿಗೆ ಹುಷಾರಿಲ್ವಾ?" ಎಂದು ಒಬ್ಬ ಗಿರಾಕಿ ಕೇಳಿದರೆ, "ಈಗ ಹುಷಾರಾಗ್ತಿದಾನೆ," ಎಂದ ಅಣ್ಣ.

ಹೆದರಿಕೆ ಹಾಗೇ ಇದೆ. ಬೆಳಿಗ್ಗೆ ಎದ್ದ ಕೂಡಲೆ ಎದೆಯ ಮೇಲೆ ಕೂತಿರುತ್ತದೆ.

ಇವತ್ತು ಅಣ್ಣ ಇಲ್ಲ. ನಾಲ್ಕನೇ ಲೋಟ.

ಏಪ್ರಿಲ್ 3, ಗುರುವಾರ

ಕ್ಯಾನು ಕೊಟ್ಟುಬಂದೆ. ಎರಡು ಸಾವಿರದ ನೂರು. ಲ್ಯಾಬಿನವನು ಅಳೆದು ನನ್ನ ಮುಖ ನೋಡಿದ.

"ಸಾರ್, ಈ ಸಲ ಒಂದೂ ಮರೆತಿಲ್ಲ ಬಿಡಿ."

ನಡೆದುಕೊಂಡೇ ಅಂಗಡಿಗೆ ಬಂದೆ. ಸೇತುವೆ ಹತ್ತಿರ ನಿಂತು ಸ್ವಲ್ಪ ಹೊತ್ತು ಹೋಗಿಬರುವವರನ್ನು ನೋಡಿದೆ. ಒಬ್ಬಳು ಹುಡುಗಿ ನಾನು ಉಜ್ಜಿದ ಕನ್ನಡಕ ಹಾಕಿಕೊಂಡು ಹೋದಳು. ನೀಲಿ ಚೌಕಟ್ಟು, ಎಡಕ್ಕೆ ಹೆಚ್ಚು ಪವರು. ಸರಿಯಾಗಿ ಕೂತಿತ್ತು.

ಏಪ್ರಿಲ್ 12, ಶನಿವಾರ

ಅಂಕಿಗಳು ಗಡಿಯಿಂದ ಒಳಗೆ ಬಂದಿವೆ. ಹತ್ತಿಯ ಸುರುಳಿಯ ಲೆಕ್ಕ ಪೂರ್ತಿ ಇಳಿದಿಲ್ಲ, ಆದರೆ ಇಳಿಯುವ ದಾರಿಯಲ್ಲಿದೆ, ಡಾಕ್ಟರಿಗೆ ಅಷ್ಟು ಸಾಕಂತೆ. ರಕ್ತದೊತ್ತಡ ಮೂರು ಸಲ ನೋಡಿದರು. ಎರಡು ಸಲ ಸರಿ ಇತ್ತು.

ಆಮೇಲೆ ಒಬ್ಬ ಬೇರೆ ಡಾಕ್ಟರಮ್ಮ. ಕೊಡುವವರನ್ನು ಒಂಟಿಯಾಗಿ ಕೂರಿಸಿ ಕೊನೆಯ ಸಲ ಕೇಳುವುದು ಅವರ ಕೆಲಸ. ಕೋಣೆಯಲ್ಲಿ ಮೇಜು, ಎರಡು ಕುರ್ಚಿ, ಒಂದು ಹೂಜಿ, ಎರಡು ಲೋಟ.

"ಯಾರಾದರೂ ಬಲವಂತ ಮಾಡಿದಾರಾ?"

"ಇಲ್ಲ."

"ಹೆದರಿಕೆ?"

"ಇದೆ."

"ಎಷ್ಟು?"

ಎಷ್ಟು ಎಂದು ಹೇಳಲು ಮನಸ್ಸಿನಲ್ಲೇ ಎಣಿಸತೊಡಗಿದೆ. ಸಾಯುವ ಹೆದರಿಕೆ ಇದೆ. ಸತ್ತರೆ ಅಣ್ಣನಿಗೆ ಹೇಗೋ ಎಂಬುದೂ ಇದೆ. ಎಚ್ಚರವಾದ ಮೇಲೆ ಎಡ ಪಕ್ಕೆ ಖಾಲಿಯಾಗಿರುತ್ತದಲ್ಲ, ಅಲ್ಲಿ ಏನಿರುತ್ತದೆ ಎಂಬ ಒಂದು ಮಕ್ಕಳಂಥ ಹೆದರಿಕೆಯೂ ಇದೆ. ಒಂದೊಂದಕ್ಕೂ ಒಂದೊಂದು ಆಕಾರ ಇದ್ದಂತೆ ಕಂಡಿತು. ಮೊದಲು ಹಾಗೆ ಕಾಣುತ್ತಿರಲಿಲ್ಲ, ಎಲ್ಲ ಒಂದೇ ಮಂಜು.

"ಈಗ ಬೇಡ ಅಂದರೂ ಆಗುತ್ತೆ. ಗೊತ್ತಲ್ಲ?"

"ಗೊತ್ತು."

ಅವರು ಕಾದರು. ನಿಜಕ್ಕೂ ಕಾದರು, ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಎರಡು ಸುತ್ತು ಬರುವಷ್ಟು. ಬಾಗಿಲು ತೆರೆದೇ ಇತ್ತು ಎಂದು ನನಗೆ ಗೊತ್ತಿತ್ತು.

"ಏನಾದ್ರೂ ಕೇಳೋದಿದೆಯಾ?"

"ಆ ನೀರು ಕುಡಿಯೋದಾ?" ಎಂದು ಕೇಳಿದೆ.

ಒಂದು ಲೋಟ ಕುಡಿದು ಸಹಿ ಹಾಕಿದೆ. ಆಪರೇಷನ್ ಮೇ ಆರಕ್ಕೆ.

ಏಪ್ರಿಲ್ 16, ಬುಧವಾರ

ಅಣ್ಣ ಎದುರಿಗೇ ಕೂತಿದ್ದಾನೆ. ಗಿರಾಕಿ ಯಾರೂ ಇಲ್ಲ.

"ಏನು ಬರೀತಿದೀಯ?"

"ಸುಮ್ನೆ."

"ನನ್ನ ಬಗ್ಗೆನಾ?"

"ನೀರಿನ ಬಗ್ಗೆ."

"ಅಕ್ಷರ ಇಷ್ಟು ಸಣ್ಣಗೆ ಬರೀತೀಯಲ್ಲ, ನಿನ್ನ ಕಣ್ಣು ನೋಡಿ ಎಷ್ಟು ವರ್ಷ ಆಯ್ತು? ಬಾ ಇಲ್ಲಿ."

ನಲ್ಲಿ ತೊಟ್ಟಿಕ್ಕುತ್ತಿದೆ. ಅವನ ಮೂರನೇ ಗೆರೆ, ನನ್ನ ಮೂರನೇ ಲೋಟ.

ಮೇ 6, ಮಂಗಳವಾರ

ಬೆಳಿಗ್ಗೆ ಏಳೂ ಕಾಲು. ಆಸ್ಪತ್ರೆ.

ಒಂದೇ ಕೋಣೆಯಲ್ಲಿ ಎರಡು ಮಂಚ. ಇಬ್ಬರಿಗೂ ಹಿಂದೆ ಕಟ್ಟುವ ಹಸಿರು ಅಂಗಿ. ಅತ್ತಿಗೆ ಎರಡು ಮಂಚಗಳ ನಡುವೆ ಕುರ್ಚಿ ಹಾಕಿಕೊಂಡು, ಯಾರ ಕೈ ಹಿಡಿಯಬೇಕೆಂದು ತಿಳಿಯದೆ ತಮ್ಮ ಕೈಯನ್ನೇ ಹಿಡಿದುಕೊಂಡು ಕೂತಿದ್ದಾರೆ. ಅವರ ಚೀಲದಲ್ಲಿ ನೀರಿನ ಬಾಟಲಿ ಇದೆ. "ಕುಡೀರಿ ಅತ್ತಿಗೆ," ಎಂದೆ. ಅಣ್ಣನ ಕಡೆ ನೋಡಿದರು. "ಕುಡಿಯೇ, ಬಚ್ಚಲು ಇಲ್ಲೂ ಇದೆ, ಬೇಕಾದ್ರೆ ಅಲ್ಲಿಗೇ ಹೋಗು," ಎಂದ ಅಣ್ಣ. ಅವರು ಮೊದಲು ಬೈದರು, ಆಮೇಲೆ ಅತ್ತರು, ಆಮೇಲೆ ಅಲ್ಲೇ ಕೂತು ಕುಡಿದರು. ಅಣ್ಣ ನೋಡಿದ.

ನಮಗಿಬ್ಬರಿಗೂ ಐದು ಗಂಟೆಯಿಂದ ನೀರು ಬಂದ್.

"ಇವತ್ತು ಸರಿಸಮ," ಎಂದ ಅಣ್ಣ. "ನಿಂಗೆ ಸೊನ್ನೆ, ನಂಗೂ ಸೊನ್ನೆ."

ದೊಡ್ಡ ಸಿಸ್ಟರ್ ಬಂದು ನನ್ನ ಕೈಗೆ ಪಟ್ಟಿ ಸುತ್ತಿ ಒತ್ತಡ ನೋಡಿದರು.

"ಹೆದರಿಕೆನಾ?"

"ಹೂಂ."

"ಅಳತೆಗಿದೆಯಾ?"

"ಅಂಗಿಗಿಂತ ಪರವಾಗಿಲ್ಲ," ಎಂದೆ. ಅಂಗಿ ನಿಜಕ್ಕೂ ದೊಡ್ಡದಿತ್ತು.

ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಗಾಲಿಮಂಚ ಮೊಗಸಾಲೆಯಲ್ಲಿ ಬರುತ್ತಿರುವ ಸದ್ದು ಕೇಳುತ್ತಿದೆ. ಆದರೆ ನಾನು ಈ ಪುಸ್ತಕ ತೆರೆದದ್ದು ಅದನ್ನು ಬರೆಯಲು ಅಲ್ಲ. ಬೆಳಿಗ್ಗೆಯಿಂದ ಬಾಯಿ ಏನೋ ಕೇಳುತ್ತಿತ್ತು, ಏನೆಂದು ತಿಳಿಯಲಿಲ್ಲ. ಈಗ ತಿಳಿಯಿತು.

"ಅಣ್ಣ, ಬಾಯಾರಿಕೆ ಆಗ್ತಿದೆ ಕಣೋ," ಎಂದೆ.

ಅವನು ಮೊಣಕೈ ಊರಿ ಎದ್ದು, ಗಾಜು ಬದಲಿಸಿ ಗಿರಾಕಿಯನ್ನು ಕೇಳುವ ದನಿಯಲ್ಲಿ ಕೇಳಿದ:

"ಜೋರಾಗಿದೆಯಾ, ಸುಮಾರಾಗಿದೆಯಾ?"

ಜೋರಾಗಿದೆ.